ಲೂರ್ದಮ್ಮನ ಸಪ್ಪೆ ಗಂಜಿ

ಲೂರ್ದಮ್ಮ ಚರ್ಚಿನಲ್ಲಿ ಹಾಡುವಾಗ ಯಾವಾಗಲೂ ನಮಗಿಂತ ಅರ್ಧ ಸಾಲು ಮುಂದಿರುತ್ತಿದ್ದಳು. ನಾವು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಮುಟ್ಟಿ, ಇನ್ನೂ ಬರಲಿಲ್ಲವಾ ಎಂಬಂತೆ ನಮ್ಮನ್ನು ತಿರುಗಿ ನೋಡುತ್ತಿದ್ದಳು. ಅಗಲ ಮುಖ, ಹಿಪ್ಪುನೇರಳೆ ಸೊಪ್ಪು ಕಿತ್ತು ಕಪ್ಪಾದ ಬೆರಳು, ಬೀದಿಯ ಆ ತುದಿಗೂ ಕೇಳುವ ಗಂಟಲು. ಮಕ್ಕಳೇ, ನಿಮ್ಮ ಅಜ್ಜಿಯಾದ ನನ್ನನ್ನು ನೀವು ಬಲ್ಲಿರಿ. ನಾನು ಕೊನೆಯ ಬೆಂಚಿನವಳು. ಫಾದರ್ ಎದುರು "ಊಟ ಮಾಡಿ ಸ್ವಾಮಿ" ಎನ್ನುವುದಕ್ಕಿಂತ ಹೆಚ್ಚು ಮಾತು ನನಗೆ ಬರುತ್ತಿರಲಿಲ್ಲ.

ಮಾತಿನ ಬದಲು ನನ್ನ ಹತ್ತಿರ ಸಾರು ಇತ್ತು. ನಿಮ್ಮ ತಾತ ಹೋದ ಮೇಲೆ, ಭಾನುವಾರದ ಪೂಜೆ ಮುಗಿಸಿ ಫಾದರ್ ಇನ್ನಾಸಪ್ಪನವರು ನಮ್ಮ ಮನೆಯಲ್ಲೇ ಉಣ್ಣುವುದು ರೂಢಿಯಾಯಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆಯ ಘಮ ಬೀದಿಗೆ ಬಂದರೆ ಸಾಕು, "ಬಂದೆ ತೆರೆಸಮ್ಮ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಅಕ್ಕಪಕ್ಕದವರಿಗೂ ಆ ಕೂಗು ಕೇಳಲಿ ಎಂದು ನಾನು ಬಾಗಿಲು ತೆರೆದೇ ಇಡುತ್ತಿದ್ದೆ.

ಲೂರ್ದಮ್ಮನ ಮನೆ ಊಟಕ್ಕೆ ಮಾತ್ರ ಯಾರೂ ಆಸೆಪಡುತ್ತಿರಲಿಲ್ಲ. ಅವಳದು ರೇಷ್ಮೆ ಹುಳು ಸಾಕುವ ಮನೆ. ನಡುಮನೆಯಲ್ಲೇ ಹುಳುವಿನ ತಟ್ಟೆಗಳು. ಹುಳುವಿಗೆ ಘಾಟು ಆಗದು ಎಂದು ಅವಳು ಒಗ್ಗರಣೆಯನ್ನೇ ಬಿಟ್ಟಿದ್ದಳು. ಕೇಳಿದರೆ, "ಹುಳ ಹಣ್ಣಾಗಿ ಗೂಡು ಕಟ್ಲಿ ಕಣಕ್ಕಾ, ಆಮೇಲೆ ನಾಲಿಗೆಗೆ ಹಬ್ಬ" ಎನ್ನುತ್ತಿದ್ದಳು. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆ ತರುತ್ತಿದ್ದಳು. ಹಬ್ಬ ಬಂದದ್ದು ನಾನು ಕಾಣೆ.

ಫಾದರ್‌ಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಶಿಡ್ಲಘಟ್ಟದ ನಮ್ಮ ಚರ್ಚಿನವರೆಲ್ಲ ಒಂದಾದರು. ನೂಲು ತೆಗೆಯುವ ಘಟಕದವರೊಬ್ಬರು ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರಲು ಕಾರು ಕೊಟ್ಟರು. ಗಂಡಸರು ಸರದಿಯಲ್ಲಿ ಫಾದರ್ ಬಂಗಲೆಯ ಜಗಲಿಯ ಮೇಲೆ ಮಲಗಿದರು. ಸಂಜೆ ಅಂಗಳದಲ್ಲಿ ಜಪಸರದ ಪ್ರಾರ್ಥನೆ ನಡೆಯಿತು. ಊಟ ಹೆಂಗಸರಾದ ನಮ್ಮದು. ಮೊದಲ ದಿನ ನಾನೇ ಕ್ಯಾರಿಯರ್ ಒಯ್ದೆ. ಮುಚ್ಚಳ ತೆಗೆದದ್ದೇ ತಡ, ಫಾದರ್ ಮೂಗಿಗೆ ಟವೆಲ್ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಔಷಧಿ ಏರಿಸಿದ ಮೇಲೆ ಯಾವ ವಾಸನೆಯನ್ನೂ ಅವರಿಗೆ ತಡೆಯಲಾಗುತ್ತಿರಲಿಲ್ಲ. ಬೇರೆಯವರ ಊಟವೂ ಹಾಗೇ ವಾಪಸು ಬಂತು. "ಒಂದೇ ಒಂದು ತುತ್ತು ಸ್ವಾಮಿ" ಎಂದು ನಾವೆಲ್ಲ ಗೋಗರೆದೆವು. ಅವರು ದಿನದಿನಕ್ಕೆ ಇಳಿದುಹೋದರು.

ಆಗ ಬಂದಳು ಲೂರ್ದಮ್ಮ, ಒಂದು ಚೊಂಬು ನುಚ್ಚಿನ ಗಂಜಿ ಹಿಡಿದುಕೊಂಡು. ಅದನ್ನು ಕಿಟಕಿಯಲ್ಲಿಟ್ಟು ನೆಲದ ಮೇಲೆ ಕೂತಳು. ತಿನ್ನಿ ಎನ್ನಲೇ ಇಲ್ಲ.

"ನಮ್ಮ ಹುಳ ಪೊರೆ ಬಿಡೋ ಮುಂಚೆ ಜ್ವರಕ್ಕೆ ಕೂತ್ಕಂತವೆ ಸ್ವಾಮಿ. ಆಗ ಸೊಪ್ಪು ಹಾಕಲ್ಲ. ತಲೆ ಎತ್ಕಂಡು ಸುಮ್ನಿರ್ತವೆ, ನಾವೂ ಸುಮ್ನಿರ್ತೀವಿ. ಎದ್ಮೇಲೆ ತಾವೇ ತಿಂತವೆ."

"ಹಂಗಾದ್ರೆ ನಾನೂ ಹುಳನಾ ಲೂರ್ದಮ್ಮ?"

"ಹುಳನೇ ವಾಸಿ ಸ್ವಾಮಿ. ಇಷ್ಟೊಂದು ಜನ ಬಂದು ಅದರ ತಲೆ ತಿನ್ನಲ್ಲ."

ಫಾದರ್ ನಕ್ಕರು. ಸ್ವಲ್ಪ ಹೊತ್ತಿಗೆ ತಾವೇ ಕೈ ಚಾಚಿ ಗಂಜಿ ಕೇಳಿದರು. ಅರ್ಧ ಲೋಟ ಕುಡಿದರು, ಅದು ಹೊಟ್ಟೆಯಲ್ಲಿ ನಿಂತಿತು. ಅಂಗಳದಲ್ಲಿದ್ದವರು ಕೈ ಮುಗಿದರು. ನಾನೂ ಮುಗಿದೆ, ಆದರೆ ಹೊಟ್ಟೆ ಉರಿಯುತ್ತಿತ್ತು. ಉಪ್ಪು ಹಾಕಿ ಬೇಯಿಸಿದ ನುಚ್ಚು. ಅದರಲ್ಲಿ ಏನಿತ್ತು?

ಅಂದಿನಿಂದ ಗಂಜಿ ಅವಳದೇ. ಒಂದು ಸಲ ಅವಳ ಹುಳು ಕೊನೆಯ ಜ್ವರ ಎದ್ದು ಹಗಲೂ ರಾತ್ರಿ ಮೇಯತೊಡಗಿದವು. ತಟ್ಟೆ ಬಿಟ್ಟು ಬರಲಾಗದೆ ಅವಳು ನನಗೆ ಹೇಳಿಕಳಿಸಿದಳು. ನಾನೇ ಗಂಜಿ ಮಾಡಿ ಒಯ್ದೆ. ಲೋಟ ಖಾಲಿ ಮಾಡಿದ ಫಾದರ್, "ಲೂರ್ದಮ್ಮನ ಕೈಗೆ ಲೂರ್ದಮ್ಮನೇ ಸಾಟಿ, ಹೇಳಿಬಿಡಿ ಅವಳಿಗೆ" ಎಂದರು. ಗಂಜಿ ನನ್ನದೆಂದು ಹೇಳದೆ ಲೋಟ ತೊಳೆದಿಟ್ಟು ಬಂದೆ.

"ಗಂಜಿ ಯಾರ್ದು ಅಂತ ಹೇಳ್ದ್ಯಾ?" ಎಂದು ಲೂರ್ದಮ್ಮ ಮರುದಿನ ಸಂಜೆ ಕೇಳಿದಳು. ನಾನು ತಲೆ ತಗ್ಗಿಸಿದೆ. "ಏಮಕ್ಕಾ, ಬಾಯಿಗೆ ಬೀಗ ಹಾಕ್ಕಂಡಿದ್ದೀಯಾ?" ಎಂದವಳೇ, ಜಪಸರಕ್ಕೆ ಸೇರಿದ್ದ ಅಷ್ಟೂ ಜನರ ನಡುವೆ ಫಾದರ್‌ಗೆ ಕೂಗಿ ಹೇಳಿದಳು: "ನೆನ್ನೆ ಗಂಜಿ ನಂದಲ್ಲ ಸ್ವಾಮಿ, ತೆರೆಸಮ್ಮಕ್ಕಂದು." ಎಲ್ಲರೂ ನನ್ನತ್ತ ನೋಡಿದರು. ನನಗೆ ಬರಬೇಕಾದ ಹೆಸರು ಬಂತು, ಅದೂ ಅವಳ ಬಾಯಿಂದ. ಅವತ್ತಿನಷ್ಟು ಸಿಟ್ಟು ಅವಳ ಮೇಲೆ ನನಗೆ ಎಂದೂ ಬಂದಿಲ್ಲ.

ಫಾದರ್ ಗುಣವಾದರು. ಚಿಂತಾಮಣಿ ಕಡೆಯ ಚರ್ಚಿಗೆ ವರ್ಗವಾಗಿ ಹೋದರು. ಕಳೆದ ಬೇಸಿಗೆಯಲ್ಲಿ ಲೂರ್ದಮ್ಮ ಸೊಪ್ಪಿನ ಹೊರೆ ಇಳಿಸಿ ಕೂತವಳು ಮತ್ತೆ ಏಳಲಿಲ್ಲ. ಅವಳ ಮಣ್ಣಿಗೆ ಫಾದರ್ ಬಂದು, ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಒಗ್ಗರಣೆ ಹಾಕಲೇ ಎಂದೆ. "ಹಾಕಿ, ಈಗ ಏನೂ ಆಗಲ್ಲ" ಎಂದರು. ಆ ಮಾತಿಗಾಗಿ ಎಷ್ಟು ಕಾದಿದ್ದೆ.

ಎರಡು ತುತ್ತು ಉಂಡು ಕೇಳಿದರು: "ಕೊನೆಕೊನೆಗೆ ಹೇಗಿದ್ದಳು?"

"ಹೋದ ವಾರ ಬಂದಿದ್ಲು ಸ್ವಾಮಿ. ಕೇಳ್ದೆ ಮಾಡ್ದೆ ಪಾತ್ರೆಗೆ ಸೌಟು ಹಾಕಿ, ಸಾರಿಗೆ ಉಪ್ಪು ಸಾಲ್ದು ಕಣಕ್ಕಾ ಅಂದ್ಲು."

"ಸಾಲದೆ ಇತ್ತಾ?"

"ಸರಿಯಾಗಿತ್ತು ಸ್ವಾಮಿ. ಆದ್ರೂ ಹಾಕ್ದೆ."

ಅವರು ನಗುತ್ತಾ ಕಣ್ಣೊರೆಸಿಕೊಂಡು, "ಇನ್ನೂ ಹೇಳಿ" ಎಂದರು. ನಾನು ಹೇಳಿದೆ. ಅವರ ಮುಂದೆ ಅಷ್ಟು ಮಾತು ನಾನು ಆಡಿದ್ದು ಅದೇ ಮೊದಲು. ತಟ್ಟೆಯಲ್ಲಿ ಅನ್ನ ಆರಿತು, ಹೊತ್ತು ಇಳಿಯಿತು. ಸಾರು ಹೇಗಿತ್ತೆಂದು ಅವರು ಹೇಳಲೇ ಇಲ್ಲ.