ಗೀರಿನೊಳಗೆ ಉಳಿದ ಹಸಿರು

ಬೀದಿದೀಪ ಇನ್ನೂ ಆರಿಲ್ಲ. ಕಾರ್ಖಾನೆಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಕಿವಿಗೆ ಹತ್ತಿ ತುರುಕಿ, ಮೇಲೊಂದು ಕಿವಿಗವಚ ಏರಿಸಿ, ಮರಳಿನ ಪೆಟ್ಟಿಗೆಗೆ ರಿವಾಲ್ವರ್ ಗುರಿಯಿಟ್ಟು ನಿಂತಿದ್ದಾರೆ. ಢಂ ಎಂದಾಗ ಹೊರಗಿನ ನಾಯಿ ತಲೆಯನ್ನೂ ಎತ್ತುವುದಿಲ್ಲ, ಅದಕ್ಕೂ ಅಭ್ಯಾಸವಾಗಿದೆ. ಗುಂಡು ಹಿಡಿಯುವ ಉರುಳೆ ಪೂರ್ತಿ ಒಂದು ಸುತ್ತು ಬಂದ ಮೇಲೆ ಅವರು ರಿವಾಲ್ವರನ್ನು ಎಡಗೈಗೆ ಬದಲಾಯಿಸುತ್ತಾರೆ. "ಹೆದರಿದವನ ಕೈ ನೆಟ್ಟಗೆಲ್ಲಿರುತ್ತೆ? ಹೇಗೆ ಹಿಡಿದ್ರೂ ಗುಂಡು ಹಾರ್ಬೇಕು" ಎನ್ನುತ್ತಾರೆ.

ಇವರು ವಾರಂಟಿ ವಿಭಾಗದ ಚುಕ್ಕಿ ಅಕ್ಕ. ಕೆಟ್ಟು ಬಂದ ರಿವಾಲ್ವರನ್ನು ಬಿಚ್ಚಿ, ಸರಿಮಾಡಿ, ಸ್ಕ್ರೂ ಬಿಗಿದ ಮೇಲೆ ಅದರ ತಲೆಗೆ ಉಗುರುಬಣ್ಣದ ಒಂದು ಚುಕ್ಕೆ ಇಡುವುದು ಇಲ್ಲಿನ ರೂಢಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಚುಕ್ಕೆ ಅಳಿಸಿದ್ದರೆ ಹೊರಗಿನವರು ಯಾರೋ ಕೈ ಹಾಕಿದ್ದಾರೆಂದೇ ಲೆಕ್ಕ, ವಾರಂಟಿಗೆ ಎಳ್ಳುನೀರು. ಅಕ್ಕನದು ಗಿಳಿಹಸಿರು. ಮಗಳು ಆಸೆಪಟ್ಟು ತಂದು, ಒಂದೇ ಉಗುರಿಗೆ ಹಚ್ಚಿ, ಅವಲಕ್ಷಣವೆಂದು ಮೂಲೆಗೆಸೆದ ಶೀಶೆಯದು.

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕ ಕೂತು ಸ್ಕ್ರೂಡ್ರೈವರ್ ಹಿಡಿಯಲು ಕಲಿತವರು ಇವರು. ಅಪ್ಪ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಇಲ್ಲಿ ಸೇರಿದಾಗ, ಹೆಂಗಸಿಗೇಕೆ ಕೋವಿಯ ಕೆಲಸ ಎಂದು ಮೂಗು ಮುರಿದವರು ಬಹಳ. ಸದ್ದು ಕೇಳಿ ಕೇಳಿ ಎಡಗಿವಿ ಮಂದವಾಗಿದೆ. ಮನೆಯಲ್ಲಿ ಏನಾದರೂ ಬೇಕಾದರೆ ಮಗಳು ಬಲಗಡೆ ಕೂರುತ್ತಾಳೆ, ಏನಾದರೂ ಮುಚ್ಚಿಡಬೇಕಾದರೆ ಎಡಗಡೆ.

ಕಳೆದ ವರ್ಷದ ಒಂದು ಸಂಗತಿಯನ್ನು ಸಹೋದ್ಯೋಗಿಗಳು ಇವತ್ತಿಗೂ ಮರೆತಿಲ್ಲ. ಬ್ಯಾಂಕಿನ ಬಾಗಿಲು ಕಾಯುವ ವಯಸ್ಸಾದ ಕಾವಲುಗಾರರೊಬ್ಬರು ತಮ್ಮ ರಿವಾಲ್ವರ್ ಹಿಡಿದು ಬಂದರು. ಉರುಳೆ ಅರ್ಧಕ್ಕೇ ಕಚ್ಚಿಕೊಳ್ಳುತ್ತಿತ್ತು. ವಾರದೊಳಗೆ ಆಯುಧ ಸರಿಯಾಗದಿದ್ದರೆ ಕೆಲಸಕ್ಕೆ ಬರುವುದೇ ಬೇಡವೆಂದು ಅವರ ಯಜಮಾನರು ಹೇಳಿದ್ದರು. ಮೇಲ್ವಿಚಾರಕರು ನೋಡಿದರೆ, ಉರುಳೆಯನ್ನು ಹಿಡಿದಿಡುವ ಸ್ಕ್ರೂ ಸಡಿಲವಾಗಿದೆ, ತಲೆಯ ಮೇಲೊಂದು ಗೀರು, ಚುಕ್ಕೆ ಮಾಯ. ಮನೆಯಲ್ಲೇ ಬಿಚ್ಚಿದ್ದೀರಿ ಎಂದು ತಳ್ಳಿಹಾಕಿಬಿಟ್ಟರು. ಬಿಚ್ಚಿಲ್ಲ, ದಿನಾ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ ಅಷ್ಟೆ ಎಂದು ಆ ಹಿರಿಯರು ಎಷ್ಟು ಹೇಳಿದರೂ ಕೇಳುವವರಿಲ್ಲ. ಅತಿಯಾಗಿ ಜೋಪಾನ ಮಾಡಿದ್ದೇ ಅವರಿಗೆ ಮುಳುವಾಗಿತ್ತು.

ವಾಪಸು ಕೊಡುವ ಮುನ್ನ ಅಕ್ಕ ಅದನ್ನೊಮ್ಮೆ ಭೂತಗನ್ನಡಿಯ ಕೆಳಗಿಟ್ಟರು. ಮೇಲಿನ ಬಣ್ಣವೆಲ್ಲ ಅಳಿಸಿಹೋಗಿತ್ತು, ಆದರೆ ಗೀರಿನ ಆಳದಲ್ಲಿ ಕೂದಲೆಳೆಯಷ್ಟು ಗಿಳಿಹಸಿರು ಉಳಿದಿತ್ತು. ಬಣ್ಣ ಗೀರಿನೊಳಗೆ ಇಳಿದಿದೆ ಎಂದರೆ, ಬಣ್ಣ ಹಚ್ಚುವ ಮೊದಲೇ ಗೀರು ಬಿದ್ದಿದೆ. ಹಿಂದೊಮ್ಮೆ ಇದೇ ರಿವಾಲ್ವರ್ ರಿಪೇರಿಗೆ ಬಂದಾಗ ಅಕ್ಕನದೇ ಸ್ಕ್ರೂಡ್ರೈವರ್ ಜಾರಿತ್ತು. ಸ್ಕ್ರೂ ಪೂರ್ತಿ ಕೂರದೆಯೇ ಅದರ ಮೇಲೆ ಚುಕ್ಕೆ ಬಿದ್ದಿತ್ತು.

ಆ ವಾರವೇ ಮುಖ್ಯ ಮೇಸ್ತ್ರಿಯ ಜಾಗಕ್ಕೆ ಆಯ್ಕೆ ನಡೆಯುವುದಿತ್ತು. ಅಕ್ಕನ ಹೆಸರೇ ಎಲ್ಲರ ಬಾಯಲ್ಲಿತ್ತು. ಸುಮ್ಮನಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. "ಸುಳ್ಳು ಯಾಕೆ ಹೇಳ್ಲಿ, ಅದನ್ನೂ ಒರೆಸಿಬಿಡೋಣ ಅಂತ ಬಟ್ಟೆ ಕೈಗೆ ತಗೊಂಡಿದ್ದೆ" ಎನ್ನುತ್ತಾರೆ. ಬಾಗಿಲಾಚೆ ಬೆಂಚಿನ ಮೇಲೆ ಕಾವಲುಗಾರರು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಕ್ಕ ಬಟ್ಟೆ ಕೆಳಗಿಟ್ಟು, ಭೂತಗನ್ನಡಿಯ ಸಮೇತ ಮೇಲ್ವಿಚಾರಕರ ಮುಂದೆ ನಿಂತರು.

ರಿವಾಲ್ವರ್ ವಾರಂಟಿಯಲ್ಲೇ ಸರಿಯಾಯಿತು. ಮೇಸ್ತ್ರಿಯ ಜಾಗ ಬೇರೆಯವರ ಪಾಲಾಯಿತು. ಕುಂಬಳಕಾಯಿ ಕಳ್ಳಿ ಎಂದು ಯಾರೂ ಅನ್ನದೆಯೇ ಹೆಗಲು ಮುಟ್ಟಿಕೊಂಡೆಯಲ್ಲ ಎಂದು ಗೆಳತಿಯರು ಇಂದಿಗೂ ಛೇಡಿಸುತ್ತಾರೆ. ಅಕ್ಕನಿಗೆ ಬೇಜಾರಿಲ್ಲವೆಂದಲ್ಲ; ಹೊಸ ಮೇಸ್ತ್ರಿಯ ಕುರ್ಚಿಯ ಕಡೆ ಆಗಾಗ ಕಣ್ಣು ಹೋಗುತ್ತದೆ. ಕಾವಲುಗಾರರು ಮಾತ್ರ ಆ ದಾರಿಯಲ್ಲಿ ಬಂದಾಗಲೆಲ್ಲ ಒಳಗೆ ಇಣುಕಿ, ಇನ್ನೂ ಒಂದು ಗುಂಡನ್ನೂ ಹಾರಿಸುವ ಪ್ರಮೇಯ ಬಂದಿಲ್ಲ ಎಂದು ವರದಿ ಒಪ್ಪಿಸಿ ಹೋಗುತ್ತಾರೆ. ಹಾಗೇ ಇರಲಿ ಎನ್ನುವುದು ಅಕ್ಕನ ಹಾರೈಕೆ.

ಇನ್ನಾದರೂ ಬಣ್ಣ ಬದಲಾಯಿಸು, ಈ ಹಸಿರು ನಿನಗೆ ಆಗಿಬರಲಿಲ್ಲ ಎಂದು ಮಗಳು ಕೆಂಪು ಶೀಶೆ ತಂದುಕೊಟ್ಟಿದ್ದಾಳೆ. ಅದು ಮುಚ್ಚಳ ತೆರೆಯದೆ ಮೇಜಿನ ಮೂಲೆಯಲ್ಲಿದೆ. ಇಂದಿನ ರಿವಾಲ್ವರಿನ ಸ್ಕ್ರೂ ಮೇಲೆ ಉಗುರಾಡಿಸಿ, ಗೀರಿಲ್ಲವೆಂದು ಖಾತ್ರಿಯಾದ ಮೇಲೆ ಅಕ್ಕ ಹಳೆಯ ಶೀಶೆಯನ್ನೇ ಎತ್ತಿಕೊಳ್ಳುತ್ತಾರೆ.

"ಬಣ್ಣ ಬದಲಾಯಿಸಿದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ನಂದೇ ಅಂತ ಹೇಗೆ ಗೊತ್ತಾಗ್ಬೇಕು? ಕೆಟ್ರೆ ನನ್ ಹತ್ರಾನೇ ವಾಪಸ್ ಬರ್ಲಿ."