ಹಸಿ ಅಚ್ಚು

ತುಜ್ಲಾ ಪಟ್ಟಣದ ಹಳೇ ಹಾಲಿನ ಡೈರಿಯ ಕಟ್ಟಡದಲ್ಲಿ ಕೃತಕ ಕಾಲು ಮಾಡುವ ಕೆಲಸ ಶುರುವಾದಾಗ ಫಹೀರಾಳನ್ನು ಮನೆಗೇ ಬಂದು ಕರೆದರು. ಯುದ್ಧಕ್ಕೆ ಮುಂಚೆ ಹದಿನೇಳು ವರ್ಷ ಅವಳು ಕಾರ್ಖಾನೆಯೊಂದರಲ್ಲಿ ರಾಳ ಕಲಸಿ ಕೋಟಿನ ಗುಂಡಿ ಎರೆದವಳು. ಈಗ ನೆಲಬಾಂಬು ತುಳಿದವರ ಮೊಂಡುಗಾಲು ಕೂರುವ ಬಟ್ಟಲು ಎರೆಯತೊಡಗಿದಳು.

ಯುದ್ಧ ಮುಗಿದ ಎರಡನೇ ಚಳಿಗಾಲದಲ್ಲಿ ಬಟ್ಟಲುಗಳು ಕೈಕೊಟ್ಟವು. ಒಂದೇ ವಾರದಲ್ಲಿ ಮೂರು. ಹೊರಗೆ ಗಟ್ಟಿ, ಒಳಗೆ ಬೆರಳಿಟ್ಟರೆ ಜೇನಿನ ಹಾಗೆ ಅಂಟು. ಮೂರನೆಯದು ಹಸೀಬನದು. ಅರವತ್ತು ದಾಟಿದ ಮನುಷ್ಯ. ಯುದ್ಧದಲ್ಲಿ ಕಾಡಿನ ದಾರಿಯಲ್ಲಿ ಓಡಿಬರುವಾಗ ನೆಲಬಾಂಬು ಸಿಡಿದು ಬಲಗಾಲು ಮೊಣಕಾಲ ಕೆಳಗೆ ಹೋಗಿತ್ತು. ಅದೇ ಕಾಡಿನಲ್ಲಿ ಕಾಣೆಯಾದ ಮಗನ ಮೂಳೆಗಳು ಈಗ ಸಿಕ್ಕಿದ್ದವು. ಮುಂದಿನ ವಾರ ಶುಕ್ರವಾರ ದಫನು.

"ರಾಳ ಕಲಸೋ ಅಳತೆ ತಪ್ಪಿಸಿದೀಯ," ಎಂದ ಮೇಸ್ತ್ರಿ ಜೆವಾದ್.

"ಹದಿನೇಳು ವರ್ಷ ತಪ್ಪದ ಅಳತೆ ಈ ವಾರ ಮೂರು ಸಲ ತಪ್ಪುತ್ತಾ? ಸುಮ್ನಿರಿ."

ಮರುವಾರದ ಸೋಮವಾರ ಅವಳು ನಾಲ್ಕು ಕಾಗದದ ಲೋಟಗಳಲ್ಲಿ ರಾಳ ಕಲಸಿಟ್ಟಳು. ಒಂದಕ್ಕೆ ರಾಳ ಗಟ್ಟಿಮಾಡುವ ಪುಡಿ ಹಳೇ ಡಬ್ಬಿಯದು, ಇನ್ನೊಂದಕ್ಕೆ ಹೊಸತು; ಒಂದು ಒಲೆಯ ಹತ್ತಿರ, ಒಂದು ಹಿಮ ಕಟ್ಟಿದ ಕಿಟಕಿಯಲ್ಲಿ. ಕಿಟಕಿಯದು ತಡಮಾಡಿತು, ಅಷ್ಟೆ. ಮರುದಿನ ಬೆಳಗ್ಗೆ ನಾಲ್ಕೂ ಮೇಜಿಗೆ ಬಡಿದರೆ ಕಲ್ಲಿನಂತೆ ಸದ್ದು ಮಾಡಿದವು. ತಪ್ಪು ರಾಳದ್ದಲ್ಲ.

ಆಗ ಸುತ್ತಿಗೆ ತಗೊಂಡು ಬಟ್ಟಲು ಎರೆಯಲು ಬಳಸಿದ್ದ ಹಸೀಬನ ಮೊಂಡುಗಾಲಿನ ಪ್ಲಾಸ್ಟರ್ ಅಚ್ಚನ್ನೇ ಒಡೆದಳು. ಹೊರಗೆ ಒಣಗಿದ್ದ ಅಚ್ಚಿನ ತಿರುಳು ಹಸಿ ಗಿಣ್ಣಿನ ಹಾಗೆ ಒದ್ದೆ. ಕರೆಂಟು ದಿನಕ್ಕೆ ಎರಡು ಗಂಟೆ ಬರುತ್ತಿತ್ತು. ಒಣಗಿಸುವ ಪೆಟ್ಟಿಗೆ ಹೆಸರಿಗಷ್ಟೇ ಇತ್ತು. ರಾಳ ಅಂಟದಂತೆ ಅಚ್ಚಿಗೆ ತೊಡಿಸುವ ತೆಳು ಚೀಲ ನೀರು ತಾಗಿದರೆ ಕರಗುವಂಥದ್ದು. ಅದು ಕರಗಿ, ತೇವ ರಾಳಕ್ಕೆ ಇಳಿದಿತ್ತು.

ಅಂದೇ ಮಧ್ಯಾಹ್ನ ಹಸೀಬನನ್ನು ಕರೆಸಿ ಮೊಂಡುಗಾಲಿಗೆ ಮತ್ತೆ ಪ್ಲಾಸ್ಟರ್ ಸುತ್ತಿ ಹೊಸ ಅಚ್ಚು ತೆಗೆದಳು. ಅದು ತಾನಾಗಿ ಒಣಗಲು ವಾರ ಬೇಕು. ಬುಧವಾರ ಬೆಳಗ್ಗೆ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ರೊಟ್ಟಿ ಅಂಗಡಿಯ ಮೆಹ್ಮದಾಲಿಯಾನ ಮುಂದೆ ನಿಂತಳು.

"ಒಲೆ ಆರೋ ಮುಂಚೆ ಇದನ್ನ ಒಳಗಿಡು."

"ಕಾಲಾ? ನಾಳೆ ಜನ ರೊಟ್ಟಿ ತಿಂತಾರೇನಮ್ಮ?"

"ಊರಿಗೆ ಮುತ್ತಿಗೆ ಬಿದ್ದಾಗ ನೀನೇ ಏನೇನೋ ಕಲಸಿದ ರೊಟ್ಟಿ ತಿನ್ನಿಸಿದ್ದೆ, ಮರೆತೆಯಾ? ಇಡು."

ಅವನು ಇಟ್ಟ. ಸಂಜೆಗೆ ಅಚ್ಚು ಒಣಗಿತ್ತು. ಆದರೆ ಬಿಸಿ ಹೆಚ್ಚಾಗಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಫಹೀರಾ ಬಿರುಕಿಗೆ ಮೇಣ ತುಂಬಿ ಸವರಿದಳು. ಗುರುವಾರ ಎರೆದ ಬಟ್ಟಲು ಎಲ್ಲೂ ಅಂಟಲಿಲ್ಲ. ಆದರೆ ಒಳಮೈಯಲ್ಲಿ ಬಿರುಕಿನ ಗೆರೆ ಉಬ್ಬಿ ನಿಂತಿತ್ತು. ಸಂಜೆ ಹಸೀಬ್ ಬಂದ.

"ಉಜ್ಜಿದೀನಿ ಚಿಕ್ಕಪ್ಪ, ಪೂರ್ತಿ ಹೋಗಿಲ್ಲ. ಇನ್ನೂ ಉಜ್ಜಿದ್ರೆ ತೂತಾಗತ್ತೆ. ಒಂದು ವಾರ ಕೊಡಿ, ಬೇರೆ ಮಾಡ್ಕೊಡ್ತೀನಿ."

"ನಾಳೆ ಮಗನ್ನ ಮಣ್ಣಿಗಿಡಬೇಕು. ಎರಡು ಕೈಯಲ್ಲೂ ಊರುಗೋಲು ಇದ್ರೆ ಅವನನ್ನ ಯಾವ ಕೈಲಿ ಹಿಡೀಲಿ?"

ಕಾಲು ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸಲ ಓಡಾಡಿದ.

"ನೋವಾಗ್ತಿದ್ಯಾ?"

"ಇಲ್ಲ ಮಗಳೇ."

ಅದು ಸುಳ್ಳಲ್ಲ. ಮೊಂಡುಗಾಲಿನ ಸುಟ್ಟು ಮಾಗಿದ ಚರ್ಮಕ್ಕೆ ನೋವಿನ ಅರಿವೇ ಇರಲಿಲ್ಲ. ಅದು ಫಹೀರಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿ ಬಿಗಿದು ಕಳಿಸಿದಳು.

ಶುಕ್ರವಾರ ಹೆಂಗಸರು ನಿಂತಿದ್ದ ಕಡೆಯಿಂದ ಅವಳು ನೋಡುತ್ತಿದ್ದಳು. ಹಸೀಬ್ ಗುಡ್ಡ ಹತ್ತಿದ, ಸಾಲಿನಲ್ಲಿ ನೆಟ್ಟಗೆ ನಿಂತು ನಮಾಜು ಮಾಡಿದ. ಮೂಳೆಗಳ ಪೆಟ್ಟಿಗೆ ಹಗುರವಾಗಿತ್ತು, ಆದರೂ ಒಂದು ಅಂಚನ್ನು ಅವನೇ ಎರಡೂ ಕೈಯಲ್ಲಿ ಹಿಡಿದು ಇಳಿಸಿದ. ಆ ದಿನ ಮೂವತ್ತೊಂದು ಗುಂಡಿಗಳಿದ್ದವು. ಕೊನೆಯದಕ್ಕೆ ಮಣ್ಣು ಬೀಳುವವರೆಗೂ ಅವನು ಕೂರಲಿಲ್ಲ.

ಮನೆಯಲ್ಲಿ ಮೊಂಡುಗಾಲಿನ ಕಾಲ್ಚೀಲ ಬಿಚ್ಚಿದಾಗ ಗೆರೆ ಒತ್ತಿದ ಕಡೆ ಅದು ರಕ್ತದಲ್ಲಿ ನೆನೆದಿತ್ತು. ಯಾರಿಗೂ ಹೇಳಲಿಲ್ಲ. ಒಂಬತ್ತನೇ ದಿನ ಜ್ವರ ಏರಿ ಪ್ರಜ್ಞೆ ತಪ್ಪಿದ ಮೇಲೆ ತಂಗಿಯ ಮಗಳು ಆಸ್ಪತ್ರೆಗೆ ಸೇರಿಸಿದಳು. ಈ ಸಲ ಮೊಣಕಾಲಿನ ಮೇಲೆ ಕತ್ತರಿಸಿದರು.

ಏಪ್ರಿಲ್‌ನಲ್ಲಿ ಗಾಲಿಕುರ್ಚಿಯಲ್ಲಿ ಬಂದ. ಫಹೀರಾಳಿಗೆ ಅವನ ಮುಖ ನೋಡಲಾಗಲಿಲ್ಲ; ಪ್ಲಾಸ್ಟರ್ ಪಟ್ಟಿ ನೆನೆಸುತ್ತಲೇ ಹೇಳಿದಳು: "ಅವತ್ತು ನಾನು ಕೊಡಬಾರದಿತ್ತು."

"ಕೊಡದಿದ್ರೆ ಕದ್ಕೊಂಡು ಹೋಗ್ತಿದ್ದೆ." ಮೊಂಡುಗಾಲನ್ನು ಅವಳತ್ತ ಚಾಚಿದ. "ಈ ಸಲ ನಿಧಾನಕ್ಕೆ ಒಣಗಿಸು. ಆತುರ ಇಲ್ಲ ಮಗಳೇ. ಹೂಳೋಕೆ ನನಗಿನ್ನು ಯಾರೂ ಉಳಿದಿಲ್ಲ."

ಅವಳು ಹತ್ತು ದಿನ ಒಣಗಿಸಿದಳು. ಒಂದು ಗೆರೆ, ಒಂದು ಗುಳ್ಳೆ ಇಲ್ಲದ ಬಟ್ಟಲು ಬಂತು. ಆದರೆ ಮೊಣಕಾಲಿಲ್ಲದ ಕಾಲಿನ ಮೇಲೆ ಆ ವಯಸ್ಸಿನಲ್ಲಿ ತೂಕ ಹಿಡಿಯಲು ಹಸೀಬನಿಗೆ ಆಗಲಿಲ್ಲ. ಎರಡು ತಿಂಗಳು ಪ್ರಯತ್ನಿಸಿ, ಮೂರು ಸಲ ಬಿದ್ದು, ಕೃತಕ ಕಾಲನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.