ಫೋಟೋಗೆ ಬಂದ ನೀರು

ಕಳೆದ ತಿಂಗಳು ನಾನು ಒಂದು ಊರಿಗೆ ನೀರು ತಂದೆ. ಒಂದು ಮಧ್ಯಾಹ್ನದ ಮಟ್ಟಿಗೆ.

ನಗಬೇಡಿ. ನಿಮಗೆ ಗೊತ್ತೇ ಇದೆ, ಈ ಅಂಕಣ ಬರೆದು ನನ್ನ ಮನೆಯ ಒಲೆ ಉರಿಯುವುದಿಲ್ಲ. ಹೊಸಪೇಟೆಯ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಸಣ್ಣಪುಟ್ಟ ಪ್ಲಂಬಿಂಗ್ ಗುತ್ತಿಗೆದಾರರಿಗೆ ಸರ್ಕಾರಿ ಟೆಂಡರ್ ಹಾಕಿಕೊಡುತ್ತೇನೆ. ಕೆಲಸ ಸಿಕ್ಕರೆ, ಷರತ್ತುಗಳನ್ನೆಲ್ಲ ಪಾಲಿಸಿದ್ದಾರೆಂದು ತೋರಿಸುವ ಜವಾಬ್ದಾರಿಯೂ ನನ್ನದೇ. ಮನೆಗೆ ಬೀಗ ಹಾಕಿ, ಗಲ್ಲಿ ದಾಟಿ, ಮತ್ತೆ ವಾಪಸ್ ಬಂದು ಬೀಗ ಎಳೆದು ನೋಡುವ ಪೈಕಿ ನಾನು. ಇಂಥವನಿಗೆ ಟೆಂಡರ್ ಷರತ್ತು ಓದುವುದಕ್ಕಿಂತ ಸುಖ ಬೇರೆ ಇದೆಯೆ? ಪ್ರತಿ ಪುಟದಲ್ಲೂ ಹೆದರಲು ಏನಾದರೂ ಇದ್ದೇ ಇರುತ್ತದೆ.

ಹುಲುಗಪ್ಪ ನನ್ನಲ್ಲಿಗೆ ಬಂದದ್ದು ಹೀಗೇ. ಗಾದಿಗನೂರಿನವನು. ಯಶವಂತನಗರದ ಮೈನ್ಸ್ ಕ್ವಾರ್ಟರ್ಸ್‌ಗಳಲ್ಲಿ ನಳ ರಿಪೇರಿ ಮಾಡುತ್ತಲೇ ತಲೆ ನೆರೆಸಿಕೊಂಡವನು. ಮೊದಲ ಸಲ ತನ್ನದೇ ಹೆಸರಲ್ಲಿ ಟೆಂಡರ್ ಗೆದ್ದ. ಮೆಟ್ರಿ ಎಂಬ ಹಳ್ಳಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರು (ಹೆಸರು ಬೇಡ, ನನಗೇ ನಾಚಿಕೆ). ಪೈಪ್ ಹೂಳಿ, ಮನೆ ಮನೆಗೆ ನಳ ಕೂರಿಸುವ ಕೆಲಸ. ಅಚ್ಚುಕಟ್ಟಾಗಿ ಮುಗಿಸಿದ.

ಆಮೇಲೆ ಕೊನೆಯ ಷರತ್ತು. ಪ್ರತಿ ಮನೆಯ ನಳದಲ್ಲಿ ನೀರು ಬೀಳುತ್ತಿರುವ ಫೋಟೋ, ಪಕ್ಕದಲ್ಲಿ ಆ ಮನೆಯವರು. ಅದು ಅಪ್‌ಲೋಡ್ ಆಗದೆ ಕೆಲಸ 'ಪೂರ್ಣ' ಆಗದು. ಪೂರ್ಣ ಆಗದಿದ್ದರೆ ಬಿಲ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಮುಂದಿನ ಟೆಂಡರಿಗೆ ಹುಲುಗಪ್ಪನೇ ಇಲ್ಲ.

ಮತ್ತೆ ನೀರು? ಅದು ಬರಬೇಕಾದ ಟ್ಯಾಂಕ್ ಬೇರೆಯವರ ಗುತ್ತಿಗೆ. ನಾಲ್ಕು ಕಂಬ ಎದ್ದು ನಿಂತಿವೆ. ಮೇಲೆ ಆಕಾಶ.

ಇಲಾಖೆಯ ಆಫೀಸಿಗೆ ಹೋಗಿ ಕೇಳಿದೆವು. "ಟ್ಯಾಂಕಿಗೂ ನಿಮಗೂ ಏನ್ ಸಂಬಂಧ್ರಿ? ನಿಮ್ಮ ಫೋಟೋ ನೀವು ಹಾಕ್ರಿ," ಎಂದರು.

ಆಗ ಈ ಮಹಾನುಭಾವನಿಗೆ ಒಂದು ಐಡಿಯಾ ಹೊಳೆಯಿತು. ಷರತ್ತನ್ನು ಮತ್ತೆ ಓದಿದೆ. ನೀರು ಬೀಳಬೇಕು ಎಂದಿದೆ. ಎಲ್ಲಿಂದ ಎಂದಿಲ್ಲ.

"ಬಾಡಿಗೆಗೆ ಒಂದು ಟ್ಯಾಂಕರ್ ನೀರು ತರಿಸು. ಪಂಪ್ ಹಚ್ಚಿ ಲೈನಿಗೆ ಬಿಡು," ಎಂದೆ.

ಹುಲುಗಪ್ಪ ನನ್ನ ಮುಖ ನೋಡಿದ. "ಮಂದಿ ನೀರು ಬಂತು ಅನ್ಕಂತಾರಲ್ರಿ ಸಾರ್?"

"ಟೆಸ್ಟಿಂಗ್ ಅನ್ನು."

"ಟೆಸ್ಟಿಂಗ್ ಅಂದ್ರ ಅವ್ರಿಗೇನ್ ತಿಳೀತೈತ್ರಿ?"

ತಿಳಿಯುವುದಿಲ್ಲ ಎಂಬುದೇ ಅಲ್ಲವೆ ಆ ಪದದ ಅನುಕೂಲ?

ನಾವು ಹೋಗುವಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು. ನಳಗಳಿಗೆಲ್ಲ ಅರಿಶಿನ, ಕುಂಕುಮ. ಕೆಲವಕ್ಕೆ ಮಲ್ಲಿಗೆ ಮಾಲೆ ಬೇರೆ. ಮೊದಲನೇ ಮನೆಯ ಈರಮ್ಮ ಎಂಬ ಮುದುಕಿ, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟು ನಿಂತಿದ್ದಳು. ಡಾಂಬರ್ ಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಸ್ವಲ್ಪ ನಗಬೇ ಯಮ್ಮಾ, ಫೋಟೋ," ಎಂದ ಹುಲುಗಪ್ಪ.

"ಬಾಯಾಗ ಹಲ್ಲಿಲ್ಲೋ ಯಪ್ಪಾ, ಹ್ಯಾಂಗ ನಗ್ಲಿ? ಮದ್ಲು ನೀರು ಬಿಡು."

ನೀರು ಬಂತು. ಈರಮ್ಮ ನಕ್ಕಳು. ಫೋಟೋ ಮಸ್ತ್ ಬಂತು.

ನಮಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕೊಟ್ಟರು. ನಾನು ತಿಂದೆ. (ಚಿಂತೆ ಇದ್ದಾಗ ನನಗೆ ಹಸಿವು ಜಾಸ್ತಿ.) ಹುಲುಗಪ್ಪ ಮುಟ್ಟಲಿಲ್ಲ. ಅಷ್ಟರಲ್ಲಿ ಟ್ಯಾಂಕರ್ ಖಾಲಿ. ನಳಗಳು ಒಂದೆರಡು ಸಲ ಕೆಮ್ಮಿ ಸುಮ್ಮನಾದವು.

ಆನ್‌ಲೈನಿನಲ್ಲಿ ಕೆಲಸ 'ಪೂರ್ಣ' ಆಯಿತು. ಹುಲುಗಪ್ಪನಿಗೆ ಸರ್ಟಿಫಿಕೇಟ್ ಬಂತು, ನನಗೆ ಒಂದು ಬಾಕ್ಸ್ ಪೇಡೆ.

ಮೊನ್ನೆ ಅವನು ಮತ್ತೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆ ಊರಿಗೆ ಕುಡ್ಯಾಕ ನೀರು ತರ್ತಿದ್ದ ಸರ್ಕಾರಿ ಟ್ಯಾಂಕರ್ ಬಂದ್ ಆಗೈತಂತ್ರಿ ಸಾರ್."

"ಯಾಕೆ?"

"ಮನೆ ಮನೆಗೆ ನಳದಾಗ ನೀರು ಬರಾಕತ್ತೈತಿ, ಟ್ಯಾಂಕರ್ ಯಾಕ ಅಂತ. ಕೇಳಾಕ ಆಫೀಸಿಗೆ ಹೋದವ್ರಿಗೆ ಅವ್ರ ಫೋಟೋನ ಅವ್ರಿಗೇ ತೋರ್ಸಿದ್ರಂತ."

ನೋಡಿ, ಆ ಮಧ್ಯಾಹ್ನ ನಾನು ಎಷ್ಟಕ್ಕೆಲ್ಲ ಚಿಂತೆ ಮಾಡಿದ್ದೆ! ಫೋಟೋದಲ್ಲಿ ಟ್ಯಾಂಕರಿನ ನೆರಳು ಬಿದ್ದರೆ? ಜಿಪಿಎಸ್ ಪಕ್ಕದ ಊರು ತೋರಿಸಿದರೆ? ಈರಮ್ಮ ಕಣ್ಣು ಮುಚ್ಚಿಬಿಟ್ಟರೆ? ಹುಟ್ಟಿದಾಗಿನಿಂದ ಚಿಂತೆ ಮಾಡಿ ಪಳಗಿದವನಿಗೆ ಇದೊಂದು ಹೊಳೆಯಲಿಲ್ಲ.

"ಹೋಗಿ ಮಂದಿ ಮುಂದ ಇದ್ದದ್ದು ಹೇಳಿಬಿಡಾಣ್ರಿ. ನೀವೂ ಬರ್ರಿ, ಐಡಿಯಾ ನಿಮ್ದು," ಎಂದ ಹುಲುಗಪ್ಪ.

ಹೇಳಿ ಏನು ಮಾಡುವುದು? 'ಪೂರ್ಣ' ಆದದ್ದನ್ನು ಅಪೂರ್ಣ ಮಾಡುವ ಬಟನ್ ಆ ಸೈಟಿನಲ್ಲಿ ಇಲ್ಲ. (ಹುಡುಕಿದ್ದೇನೆ.) ಮೇಲಿನವರ ಮುಂದೆ ಒಪ್ಪಿಕೊಂಡರೆ ಹುಲುಗಪ್ಪ ಬ್ಲ್ಯಾಕ್‌ಲಿಸ್ಟ್. ಟ್ಯಾಂಕರ್ ಮತ್ತೆ ಶುರುವಾಗುತ್ತದೆಂಬ ಭರವಸೆ ಅವನಿಗೂ ಇಲ್ಲ, ನನಗೂ ಇಲ್ಲ.

ಆದರೂ ಹೋದೆವು. ದಾರಿಯ ಎರಡೂ ಬದಿಗೆ ಕಾಲುವೆ ನೀರಲ್ಲಿ ಮೊಣಕಾಲು ಮುಳುಗಿಸಿ ನಿಂತ ಭತ್ತ. ಊರೊಳಗೆ ನಳಗಳ ಮೇಲೆ ಒಣಗಿದ ಕುಂಕುಮ. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ನಾನು ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಈರಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಹುಲುಗಪ್ಪನ ಕೈಯಲ್ಲಿ ಮೊಬೈಲ್ ಕಂಡದ್ದೇ ತಡ, ಮುಖ ಅರಳಿಸಿಕೊಂಡು ಎದ್ದಳು.

"ಫೋಟೋ ಹೊಡ್ಯಾಕ ಬಂದ್ರೇನ್ರಪಾ? ತಡೀರಿ, ಕೊಡ ತರ್ತೀನಿ."